‘ಇತರ ಅಂಶಗಳು ಸ್ಥಿರವಾಗಿದ್ದರೆ’: ಬಿ.ಎ. ಅರ್ಥಶಾಸ್ತ್ರ ವಿದ್ಯಾರ್ಥಿಯ ಒಂದು ಸೀಮಾಂತ ಅಧ್ಯಯನ

ಪೀಠಿಕೆ: ಬೆಂಗಳೂರೆಂಬ ಅಪರಿಪೂರ್ಣ ಪೈಪೋಟಿಯ ಮಾರುಕಟ್ಟೆಯಲ್ಲಿ ಎಚ್‌ಇಪಿ ಎಂಬ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಸಂಯುಕ್ತ ಸರಕನ್ನು ಅನುಭೋಗಿಸುವ ವಿದ್ಯಾರ್ಥಿಯ ತುಷ್ಟಿಗುಣ ಗರಿಷ್ಠೀಕರಣದ ವರ್ತನೆಯನ್ನು, ಇತರ ಅಂಶಗಳು ಸ್ಥಿರವಾಗಿದ್ದರೆ ಎಂಬ ಊಹೆಗೆ ಒಳಪಟ್ಟು ವಿಶ್ಲೇಷಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಪರೀಕ್ಷೆಯಲ್ಲಿ ಇಂಥ ವಾಕ್ಯಕ್ಕೆ ಎರಡು ಅಂಕ. ಸ್ಕೇಲಿಟ್ಟು ಕೆಳಗೆ ಗೆರೆ ಎಳೆದರೆ ಎರಡೂವರೆ.

ವ್ಯಾಖ್ಯೆ: ಅರ್ಥಶಾಸ್ತ್ರಕ್ಕೆ ಮುಖ್ಯ ವ್ಯಾಖ್ಯೆಗಳು ಮೂರು. ಆಡಂ ಸ್ಮಿತ್‌ನದು ಸಂಪತ್ತಿನದು (1776), ಮಾರ್ಷಲ್‌ನದು ಕಲ್ಯಾಣದ್ದು (1890), ರಾಬಿನ್ಸ್‌ನದು ಕೊರತೆಯದು (1932). ಮೊದಲನೆಯದು ಪ್ರಬಂಧಕಾರನ ಮನೆಯ ಕಡೆ ಸುಳಿದದ್ದಿಲ್ಲ. ಎರಡನೆಯದು ಅಕ್ಕನ ಹೆಸರಲ್ಲಿ ಊರ ಛತ್ರದಲ್ಲಿ ನಡೆದು, ಅಪ್ಪ ಇನ್ನೂ ಬಡ್ಡಿ ಕಟ್ಟುತ್ತಿದ್ದ. ಹೀಗಾಗಿ ಮೂರನೆಯದನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ: ಪುಸ್ತಕದ ಅನುಭೋಗಿ ಸೇಬು ತಿನ್ನುತ್ತಾನೆ. ಮೊದಲ ಸೇಬಿಗೆ ಹತ್ತು ಯುಟಿಲ್, ಎರಡನೆಯದಕ್ಕೆ ಎಂಟು, ಹೀಗೇ ಇಳಿದು ಆರನೆಯದಕ್ಕೆ ಸೊನ್ನೆ, ಏಳನೆಯದಕ್ಕೆ ಮೈನಸ್ ಎರಡು. ಕೂತಲ್ಲೇ ಏಳು ಸೇಬು ತಿನ್ನುವಷ್ಟು ಅನುಕೂಲಸ್ಥನನ್ನು ಪ್ರಬಂಧಕಾರ ಪುಸ್ತಕದ ಹೊರಗೆ ಕಂಡಿಲ್ಲ. ಆದ್ದರಿಂದ ಕಾಲೇಜಿನೆದುರಿನ ದರ್ಶಿನಿಯ ಬೈ-ಟು ಕಾಫಿಯನ್ನು ಅಧ್ಯಯನದ ಘಟಕವಾಗಿ ತೆಗೆದುಕೊಳ್ಳಲಾಗಿದೆ. ಲೋಟ ಪುಟ್ಟದು, ಅದರಲ್ಲಿ ಅರ್ಧ, ನೊರೆ ಕಳೆದರೆ ಮೂರು ಗುಟುಕು. ಮೂರನೆಯ ಗುಟುಕಿನ ತುಷ್ಟಿಗುಣ ಮೊದಲನೆಯದಕ್ಕಿಂತ ಹೆಚ್ಚು, ಏಕೆಂದರೆ ಸಕ್ಕರೆಯೆಲ್ಲ ತಳದಲ್ಲಿರುತ್ತದೆ. ಇದರಿಂದ ನಿಯಮ ಬಿದ್ದುಹೋಗುತ್ತದೆಂದು ಉತ್ತರಪತ್ರಿಕೆಯಲ್ಲಿ ಚಿತ್ರಸಮೇತ ಸಾಧಿಸಲಾಯಿತು. ಅಂಕ ಬರಲಿಲ್ಲ.

ಶ್ರಮವಿಭಜನೆ: ಹತ್ತು ಜನ ಕೆಲಸ ಹಂಚಿಕೊಂಡರೆ ದಿನಕ್ಕೆ 48,000 ಗುಂಡುಪಿನ್ನು ತಯಾರಾಗುತ್ತದೆಂದು ಸ್ಮಿತ್ ಲೆಕ್ಕ ಹಾಕಿದ. ನಮ್ಮಲ್ಲೂ ಹಂಚಿಕೆ ಕಟ್ಟುನಿಟ್ಟಾಗಿತ್ತು. ಒಬ್ಬ ಕ್ಲಾಸಿಗೆ ಕೂರುವುದು, ಒಬ್ಬ ದನಿ ಬದಲಿಸಿ ಐವರ ಹಾಜರಿ ಕೂಗುವುದು, ಒಬ್ಬ ಜೆರಾಕ್ಸ್ ಅಂಗಡಿಯಲ್ಲಿ ಸಾಲ ಹೇಳುವುದು. ಉತ್ಪನ್ನ ಮಾತ್ರ ಒಂದೇ: ಯಾವುದೋ ಹಳೇ ಬ್ಯಾಚಿನ ಪುಣ್ಯಾತ್ಗಿತ್ತಿ ಬರೆದಿಟ್ಟ ನೋಟ್ಸು. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸಿನಲ್ಲಿ ಬೇಡಿಕೆ ರೇಖೆ ಅಳಿಸಿಯೇಹೋಗಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಯಾರೋ ಅದನ್ನು ಪೆನ್ನಿನಲ್ಲಿ ತಿದ್ದಿ ಮೇಲ್ಮುಖವಾಗಿ ಎಳೆದರು. ಬೆಲೆ ಏರಿದರೆ ಬೇಡಿಕೆಯೂ ಏರುತ್ತದೆಂದು ಇಡೀ ಬೆಂಚು ಬರೆಯಿತು. ಗಿಫೆನ್ ಸರಕು ಎಂದು ಸಮರ್ಥಿಸಿಕೊಳ್ಳಬಹುದಿತ್ತು, ಆದರೆ ಆ ಪುಟ ಜೆರಾಕ್ಸ್ ಆಗಿರಲಿಲ್ಲ.

ವರ್ಗೀಕರಣ: ಅರ್ಥಶಾಸ್ತ್ರದ ವಿದ್ಯಾರ್ಥಿಗಳನ್ನು ಏಳು ವರ್ಗಗಳಾಗಿ ವಿಂಗಡಿಸಬಹುದು. (ಅ) ಕೆಎಎಸ್ ಕನಸಿನಿಂದ ಸೇರಿದವರು. (ಆ) ಬಿ.ಕಾಂ. ಸೀಟು ಸಿಗದೆ ಸೇರಿದವರು. (ಇ) ಅರ್ಜಿಯಲ್ಲಿ ಟಿಕ್ಕು ಆ ಚೌಕಕ್ಕೇ ಬಿದ್ದದ್ದರಿಂದ ಸೇರಿದವರು. ಉಳಿದ ನಾಲ್ಕು ಹಾಳಾಗಿ ಹೋಗಲಿ.

ಆ ಸ್ಥಿರ ಅಂಶಗಳ ವಿಷಯಕ್ಕೆ ಬರುತ್ತೇನೆ. ನಾವು ಹೊರಬಿದ್ದ ಮೇಲೆ, 2021ರಲ್ಲಿ, ಪದವಿ ನಾಲ್ಕು ವರ್ಷದ್ದು ಎಂದರು. 2024ರಲ್ಲಿ ಮತ್ತೆ ಮೂರೇ ಎಂದರು. ಪಠ್ಯ ಬದಲಾಯಿತು, ಪತ್ರಿಕೆಗಳ ಹೆಸರು ಬದಲಾಯಿತು. ಬದಲಾಗದೆ ಉಳಿದದ್ದು ‘ಅತಿಥಿ’ ಎಂಬ ಪದ.

ನಮಗೆ ವೇತನ ಸಿದ್ಧಾಂತ ಕಲಿಸಿದವರು ಅತಿಥಿ ಉಪನ್ಯಾಸಕರು. ಯಾವ ಮಹಾನುಭಾವ ಈ ಹೆಸರಿಟ್ಟನೋ! ನಮ್ಮ ಕಡೆ ಅತಿಥಿ ಬಂದರೆ ಕಾಲಿಗೆ ನೀರು ಕೊಟ್ಟು, ಎಲೆ ಹಾಕಿ ಬಡಿಸುತ್ತಾರೆ. ಇವರಿಗೆ ರಜೆ ಶುರುವಾದ ದಿನದಿಂದ ಸಂಬಳವಿಲ್ಲ, ಮುಂದಿನ ವರ್ಷ ಕರೆಯುತ್ತಾರೆಂಬ ಭರವಸೆಯಿಲ್ಲ. ಜೆ.ಬಿ. ಕ್ಲಾರ್ಕ್ 1899ರಲ್ಲಿ ಪ್ರತಿಪಾದಿಸಿದ ಪ್ರಕಾರ ಕಾರ್ಮಿಕನ ಕೂಲಿ ಅವನ ಸೀಮಾಂತ ಉತ್ಪಾದಕತೆಗೆ ಸಮನಾಗಿರುತ್ತದೆಂದು ಸರ್ ಬರೆಸಿದ ಮಧ್ಯಾಹ್ನ, ಅವರಿಗೆ ನಾಲ್ಕು ತಿಂಗಳ ಸಂಬಳ ಬಂದಿರಲಿಲ್ಲ. ನಮಗೆಲ್ಲ ಗೊತ್ತಿತ್ತು. ಸ್ಕೂಟರ್ ಮಾರಿ ಬಸ್ಸಿಗೆ ಬರುತ್ತಿದ್ದರು, ಮೊದಲ ಪೀರಿಯಡ್ಡಿಗೆ ತಡವಾಗುತ್ತಿತ್ತು.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಸರ್, ಈ ಸಿದ್ಧಾಂತ ನಿಮಗೂ ಅನ್ವಯಿಸುತ್ತಾ?”

ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕೆ.

ಸರ್ ಅಂಗಿಯ ತೋಳಿನ ಸೀಮೆಸುಣ್ಣದ ಪುಡಿ ಕೊಡವಿಕೊಂಡರು. “ಇತರ ಅಂಶಗಳು ಸ್ಥಿರವಾಗಿದ್ದರೆ ಅಂತ ಮೊದಲನೇ ಸಾಲಲ್ಲೇ ಬರೆಸಿದೀನಲ್ಲಪ್ಪ,” ಎಂದರು.

ಆ ಸಾಲನ್ನು ಮೊದಲು ಬರೆದವನ ಮನೆಯಲ್ಲಿ ಅಕ್ಕಿ ಡಬ್ಬ ಸ್ಥಿರವಾಗಿತ್ತು, ಬಾಡಿಗೆ ಸ್ಥಿರವಾಗಿತ್ತು. ತಿಂಗಳ ಒಂದನೇ ತಾರೀಖಂತೂ ಸ್ಥಿರವಾಗಿಯೇ ಇತ್ತು. ಇಲ್ಲದಿದ್ದರೆ ಅಂಥ ಮಾತು ಪೆನ್ನಿಗೆ ಬರುವುದಿಲ್ಲ.

ಮುಂದಿನ ಸೆಮಿಸ್ಟರಿನ ಟೈಮ್‌ಟೇಬಲ್ಲಿನಲ್ಲಿ ಅವರ ಇನಿಷಿಯಲ್ ಇರಲಿಲ್ಲ. ನನ್ನ ನೋಟ್ಸಿನ ಆ ಪುಟ ಇನ್ನೂ ಹಾಗೇ ಇದೆ. ಸಿದ್ಧಾಂತ, ಊಹೆಗಳು, ರೇಖಾಚಿತ್ರ ಎಲ್ಲ ಮುಗಿದು, ಕೊನೆಗೆ ‘ಟೀಕೆಗಳು’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಕೆಳಗೆ ‘1.’ ಎಂದಷ್ಟೇ ಇದೆ. ಬೆಲ್ ಹೊಡೆದಿತ್ತು, ನಾಳೆ ಬರೆಸುತ್ತೇನೆ ಎಂದಿದ್ದರು.