ಯಾವ ಎಲೆ?

ನಮ್ಮ ಕೊಪ್ಪ, ಶೃಂಗೇರಿ ಕಡೆ ಎಲೆ ಹಳದಿಯಾಯಿತು ಅಂದರೆ ಯಾರೂ ನಗುವುದಿಲ್ಲ. ಅಡಿಕೆಯ ಹಳದಿ ಎಲೆ ರೋಗ ಎಷ್ಟೋ ಮನೆಗಳ ಲೆಕ್ಕಪುಸ್ತಕ ಮಡಚಿಸಿದೆ. ಹಾಗಾಗಿ ಜಗಲಿಯಂಚಿನ ಪೇಂಟ್ ಡಬ್ಬದ ಟೊಮೆಟೊ ಗಿಡದಲ್ಲಿ ಒಂದೆಲೆ ಹಳದಿ ಕಂಡಾಗ ನಾನು ಕಾಫಿ ಲೋಟ ಕೆಳಗಿಟ್ಟೆ.

ತೋಟ ಇದ್ದವನಿಗೆ ಡಬ್ಬದಲ್ಲಿ ತರಕಾರಿ ಯಾಕೆ ಎಂದು ಪೇಟೆಯ ನೆಂಟರು ಕೇಳುವುದುಂಟು. ಅದನ್ನು ಮಂಗಗಳ ಹತ್ತಿರ ಕೇಳಬೇಕು. ಹಿತ್ತಿಲಿನದ್ದೆಲ್ಲ ಅವುಗಳ ಪಾಲು. ಜಗಲಿಗೆ ಬರಲು ಮಾತ್ರ ನಮ್ಮ ನಾಯಿಯ ಮುಲಾಜು.

ಗಿಡ ನೋಡಿದ ಕೆಳಮನೆ ದೊಡ್ಡಪ್ಪ, “ಬಚ್ಚಲೊಲೆ ಬೂದಿ ಹಾಕು ಮಾರಾಯ” ಎಂದರು. ಒಂದು ಮುಷ್ಟಿ ಎಂದಿದ್ದರು. ನಾನು ವಾರಕ್ಕೊಂದು ಮುಷ್ಟಿ ಹಾಕಿದೆ. ಬೂದಿಯಲ್ಲಿ ಪೊಟ್ಯಾಷ್ ಧಾರಾಳ. ಅದು ಅತಿಯಾದರೆ ಬೇರು ಮೆಗ್ನೀಸಿಯಮ್ ಕಡೆ ತಿರುಗಿಯೂ ನೋಡುವುದಿಲ್ಲ. ಕೆಳಗಿನ ಎಲೆಗಳಲ್ಲಿ ನರ ಹಸಿರು, ನಡುವೆ ಹಳದಿ. ಇದಕ್ಕೆ ಎಪ್ಸಮ್ ಉಪ್ಪು, ಲೀಟರ್ ನೀರಿಗೆ ಐದು ಗ್ರಾಂ, ಎಲೆಗೆ ಸಿಂಪಡಿಸಬೇಕು ಎಂದು ಓದಿ ಔಷಧಿ ಅಂಗಡಿಗೆ ಹೋದೆ. ಹಿಂದೆ ಜುಲಾಬಿಗೆ ಕೊಡುತ್ತಿದ್ದ ಉಪ್ಪು ಅದು. “ಯಾರಿಗೆ?” ಎಂದ ಹುಡುಗ. “ಟೊಮೆಟೊಗೆ” ಎಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ ಪೊಟ್ಟಣ ಕಟ್ಟಿದ.

ಅಷ್ಟರಲ್ಲಿ ಬಿಟ್ಟ ಕಾಯಿಗಳ ತಳ ಕಪ್ಪಾಗಿ ಕೊಳೆಯತೊಡಗಿತು. ಸುಣ್ಣದಂಶದ ಕೊರತೆ ಎಂದು ಗೊತ್ತಾದದ್ದೇ ತಡ, ಎಲೆ ಅಡಿಕೆ ತಟ್ಟೆಯ ಸುಣ್ಣದ ಡಬ್ಬಿಯನ್ನೇ ನೀರಿಗೆ ಕದಡಿ ಸುರಿದೆ. ನಮ್ಮ ಮಳೆಗೆ ತೊಳೆದು ಹುಳಿಯಾದ ಮಣ್ಣಿಗೆ ಸುಣ್ಣ ಬೇಕು, ನಿಜ. ಆದರೆ ಅಳತೆ ಬೇಕು. 1925ರಿಂದ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ನಡೆದಿರುವ ಸೀಮೆಯವನು ನಾನು. ಮಣ್ಣು ಪರೀಕ್ಷೆ ಮಾಡಿಸಿ ತೋಟಕ್ಕೆ ಸುಣ್ಣ ಹಾಕುವವರನ್ನು ನೋಡಿಯೇ ಬೆಳೆದವನು. ಡಬ್ಬಕ್ಕೆ ಮಾತ್ರ ಕಣ್ಣಂದಾಜು! ಸುಣ್ಣ ಹೆಚ್ಚಾಗಿ ಮಣ್ಣಿನ ಕಬ್ಬಿಣ ಬೇರಿಗೆ ಸಿಗದೆ, ಈ ಸಲ ಚಿಗುರೇ ಹಳದಿಯಾಯಿತು. ಸಂಜೆ ಮನೆಯಲ್ಲಿ ಎಲೆ ಅಡಿಕೆಗೆ ಸುಣ್ಣವಿಲ್ಲದೆ ಆದ ಗಲಾಟೆ ಬೇರೆ.

ಕೊನೆಗೆ ಎಡೇಹಳ್ಳಿ ಅಕ್ಕನಿಗೆ ಫೋನ್ ಮಾಡಿದೆ. ಯುವರಾಜರ ಹೆಸರಿನಲ್ಲಿ ಆ ಊರು ನರಸಿಂಹರಾಜಪುರವಾಗಿ ನೂರು ವರ್ಷ ದಾಟಿದರೂ ನಮ್ಮ ಬಾಯಿಗೆ ಅದು ಎಡೇಹಳ್ಳಿಯೇ. ಅಕ್ಕ ಔಷಧಿ ಹೇಳಲಿಲ್ಲ. “ಮೊದಲು ಹಳದಿಯಾದದ್ದು ಯಾವ ಎಲೆ? ಹಳತೋ, ಚಿಗುರೋ?” ಎಂದು ಕೇಳಿದಳು.

ಎಲ್ಲ ಅಲ್ಲಿತ್ತು. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಮ್ ಗಿಡದೊಳಗೆ ಓಡಾಡುವ ಸರಕು. ಸಾಲದಾದಾಗ ಹಳೆಯ ಎಲೆ ತನ್ನದನ್ನು ಚಿಗುರಿಗೆ ಕಳಿಸಿ ತಾನು ಬಾಡುತ್ತದೆ, ಮಕ್ಕಳನ್ನು ಬೆಂಗಳೂರಿಗೆ ಕಳಿಸಿದ ನಮ್ಮೂರ ಮನೆಗಳ ಹಾಗೆ. ಸುಣ್ಣ, ಕಬ್ಬಿಣ ಹಾಗಲ್ಲ. ಕೂತ ಜಾಗ ಬಿಡುವುದಿಲ್ಲ. ಅವು ಸಾಲದಾದರೆ ಏಟು ಚಿಗುರಿಗೆ, ಕಾಯಿಗೆ.

“ಕೆಳಗಿನದ್ದು, ಪೂರ್ತಿ ಹಳದಿ” ಎಂದೆ. “ಅದು ಬರೀ ಸಾರಜನಕ. ಡಬ್ಬ ಎಲ್ಲಿಟ್ಟಿದ್ದೀಯ?” ಹೋಗಿ ನೋಡಿದೆ. ಸೂರಿನ ನೀರು ನೇರ ಡಬ್ಬಕ್ಕೇ ಬೀಳುತ್ತಿತ್ತು. ಹಾಕಿದ ಗೊಬ್ಬರದ ಸಾರವೆಲ್ಲ ತಳದ ತೂತಿನಿಂದ ಅಂಗಳಕ್ಕೆ, ಅಲ್ಲಿಂದ ತುಂಗೆಗೆ. ಹೊಳವಾದ ದಿನಗಳಲ್ಲಿ ನೀರು ಕೊಡಲು ನಾನು ಮರೆಯುತ್ತಿದ್ದೆ. ಒಂದು ದಿನ ಹೊಳೆ, ಮೂರು ದಿನ ಬರ. ಹೀಗಾದರೆ ಮಣ್ಣಲ್ಲಿ ಸುಣ್ಣವಿದ್ದೂ ಕಾಯಿಗೆ ತಲುಪದು. ಅರ್ಧ ರೋಗ ಗಿಡದ್ದಲ್ಲ, ನನ್ನ ಉಪಚಾರದ್ದು.

ಡಬ್ಬವನ್ನು ಒಳಗೆ ಸರಿಸಿದೆ. ಮೇಲಿನ ಮಣ್ಣು ತೆಗೆದು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿದೆ. ಹದಿನೈದು ದಿನಕ್ಕೊಮ್ಮೆ ಒಂದು ಪಾಲು ಗಂಜಲಕ್ಕೆ ಹತ್ತು ಪಾಲು ನೀರು ಸೇರಿಸಿ ಕೊಟ್ಟೆ. ಹಳದಿಯಾದ ಎಲೆ ಹಸಿರಾಗಲಿಲ್ಲ. ಹೊಸದು ಹಸಿರಾಗಿಯೇ ಬಂತು.

ಮೊನ್ನೆ ದೊಡ್ಡಪ್ಪ ಬಂದವರು ಕೆಂಪಗೆ ಹಣ್ಣಾದ ಏಳು ಟೊಮೆಟೊ ಎಣಿಸಿದರು. “ನೋಡು, ಬೂದಿ ಹಾಕಿದ್ದಕ್ಕೆ ಹೇಗೆ ಬಂತು!” ನಾನು ಸುಮ್ಮನೆ ಎಲೆ ಅಡಿಕೆ ತಟ್ಟೆ ಮುಂದೆ ಸರಿಸಿದೆ. ಹೊಸ ಸುಣ್ಣದ ಡಬ್ಬಿ ತುಂಬಿತ್ತು.