ಕಟ್ಟೆಯ ಚಕ್ರವರ್ತಿಗಳಿಗೆ ಬಿನ್ನವತ್ತಳೆ

ಶ್ರೀಮನ್ಮಹಾ ಕಟ್ಟೆ ಮಂಡಲೇಶ್ವರರೇ, ಅರ್ಧ ಚಹಾದಲ್ಲಿ ಅರ್ಧ ದಿನ ತೇಲುವ ಚಹಾ ಸಮುದ್ರಾಧೀಶ್ವರರೇ, ಫ್ಲೆಕ್ಸ್ ಭಯಂಕರರೇ, ಸೌಂಡ್ ಬಾಕ್ಸ್ ಸಾರ್ವಭೌಮರೇ, ಊರ ಮಂದಿಯ ನಿದ್ದೆಯನ್ನು ದಂಡೆತ್ತಿ ಗೆದ್ದ ನಿದ್ರಾಂತಕರೇ, ಬಿಸಿಲಿಗೂ ಮಳೆಗೂ ಅಮಾವಾಸ್ಯೆಯ ರಾತ್ರಿಗೂ ಗಾಗಲ್ ತೆಗೆಯದ ಅಧ್ಯಕ್ಷರೇ, ಗಾಗಲ್ ಇಲ್ಲದ ಒಂದೇ ಕಾರಣಕ್ಕೆ ಉಪಾಧ್ಯಕ್ಷರಾಗಿಯೇ ಉಳಿದ ಉಪಾಧ್ಯಕ್ಷರೇ, ಗೌರವಾಧ್ಯಕ್ಷರೇ, ಗೌರವವೂ ಸಿಗದೆ ಲೆಕ್ಕವೂ ಸಿಗದೆ ಕೂತ ಖಜಾಂಚಿಗಳೇ, ವೇದಿಕೆಯ ಮೇಲೆ ಒಬ್ಬರ ತೊಡೆಯ ಮೇಲೊಬ್ಬರು ಆಸೀನರಾಗಿರುವ ಸಮಸ್ತ ಗಣ್ಯರೇ, ಹಾಗೂ ವೇದಿಕೆಯಲ್ಲಿ ಜಾಗ ಸಿಗದ್ದರಿಂದ ಪ್ರೇಕ್ಷಕರಾಗಿರುವ ದೋರನಹಳ್ಳಿಯ ಹತ್ತಾರು ಮಹಾಜನರೇ,

ಇಂದು ಏಪ್ರಿಲ್ 24. ಯಾದಗಿರಿ ಜಿಲ್ಲೆಯ ಬಿಸಿಲು ನೆತ್ತಿಯ ಮೇಲೆ ಕೂತು ಅಧ್ಯಕ್ಷೀಯ ಭಾಷಣ ಮಾಡುತ್ತಿರುವ ಈ ಶುಭ ಮುಹೂರ್ತದಲ್ಲಿ ನಾವು ಸೇರಿರುವುದು ಡಾ. ರಾಜಕುಮಾರ್ ಅವರನ್ನು ಸನ್ಮಾನಿಸಲಿಕ್ಕೆ ಎಂದು ಯಾರಾದರೂ ತಿಳಿದಿದ್ದರೆ ದಯವಿಟ್ಟು ಎದ್ದು ಹೋಗಬಹುದು. ಅವರಿಗೆ ಪದ್ಮಭೂಷಣ 1983ರಲ್ಲೇ ಬಂತು, ಕರ್ನಾಟಕ ರತ್ನ 1992ರಲ್ಲಿ ಬಂತು, ಫಾಲ್ಕೆ ಪ್ರಶಸ್ತಿ 1995ರ ಸಾಲಿನದು ಬಂತು. ಸನ್ಮಾನ ಬಾಕಿ ಇರುವುದು ತಮಗೆ. ‘ಪತ್ತೇದಾರ ಸಿಐಡಿ 999ರ ವೇಷ ಬಿಟ್ಟ ಮೇಲೆ ಅಣ್ಣಾವ್ರು ಏನು ಮಾಡಿದರು?’ ಎಂಬ ಮಹಾಪ್ರಶ್ನೆಯನ್ನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ವರ್ಷಗಟ್ಟಲೆ ಚರ್ಚಿಸಿ, ಒಂದು ಸಿನಿಮಾವನ್ನೂ ಪೂರ್ತಿ ನೋಡದೆ ಉತ್ತರ ಕಂಡುಕೊಂಡ ತಮ್ಮ ಸಾಧನೆ ಸಾಮಾನ್ಯದ್ದಲ್ಲ.

ತಮ್ಮಲ್ಲಿ ಎರಡು ಬಣಗಳಿವೆ. ಕೋಟಿನ ಬಣದ ಮಹನೀಯರ ಸಿದ್ಧಾಂತ ಇಷ್ಟು: ಅಣ್ಣಾವ್ರು ಅಂದರೆ 999, ಪಿಸ್ತೂಲು ಕೆಳಗಿಟ್ಟರು, ಪಂಚೆ ಉಟ್ಟರು, ಕಥಿ ಮುಗೀತು. ಪಂಚೆ ಬಣದ ಪೂಜ್ಯರ ಸಿದ್ಧಾಂತ: ಆ 999 ಬರೀ ಹುಡುಗಾಟ, ಅದರ ಹೆಸರೆತ್ತಿದರೆ ದೈವಾಪಚಾರ. ಎರಡೂ ಬಣಗಳ ನಡುವೆ ಆದ ಐತಿಹಾಸಿಕ ರಾಜಿಯ ಫಲವೇ ನನ್ನ ಹಿಂದೆ ತೂಗುತ್ತಿರುವ ಈ ಫ್ಲೆಕ್ಸು. ತಲೆ 1968ರ 999ದು, ಮೈ ‘ಬಂಗಾರದ ಮನುಷ್ಯ’ದ್ದು, ಪಂಚೆ ಉಟ್ಟ ಆ ರೈತನ ಕೈಯಲ್ಲಿ ಪಿಸ್ತೂಲು. ಅದರ ಗುರಿ ನೇರ ಖಜಾಂಚಿಗಳ ಹಣೆಗಿದೆ, ಅದೇನೋ ಕಾಕತಾಳೀಯ. ಬೇವಿನ ಗಿಡಕ್ಕೆ ಮೊಳೆ ಹೊಡೆದು ತಂತಿ ಬಿಗಿದಿದ್ದಾರೆ. ಬಸ್ಸಿನ ತಲೆ ತಾಗಿ ಅಣ್ಣಾವ್ರ ಎಡಗಿವಿ ಹರಿದು ಜೋತಾಡುತ್ತಿದೆ. ಅವರಿಗಿಂತ ಅಧ್ಯಕ್ಷರ ಮುಖವೇ ಒಂದು ಗೇಣು ದೊಡ್ಡದು, ಅದರಲ್ಲಿ ಮುಕ್ಕಾಲು ಗಾಗಲ್. ಈ ಗಾಗಲ್ಲಿನ ಹಿಂದೆ ಬಸ್ಸಿನ ವೇಳೆ ಬರೆದ ಬೋರ್ಡು ಸಮಾಧಿಯಾಗಿದೆ.

ನಿನ್ನೆ ಸಂಜೆ ಕೂಸನ್ನು ಸೊಂಟಕ್ಕೆ ಏರಿಸಿಕೊಂಡ ತಾಯಿಯೊಬ್ಬಳು ‘ಯಣ್ಣಾ, ಸುರಪುರದ ಬಸ್ಸು ಹೋಯ್ತೇನ್ರಿ?’ ಎಂದು ಕೇಳಿದಳು. ಅಧ್ಯಕ್ಷರು ‘ಗೋವಾದಲ್ಲಿ ಸಿಐಡಿ 999’ ಬಿಡುಗಡೆಯಾದ ವರ್ಷ ಹೇಳಿದರು. ಅದೂ ತಪ್ಪು. 1970 ಅಲ್ಲ ಸ್ವಾಮಿ, 1968. ‘ಜೇಡರ ಬಲೆ’ ಬಂದದ್ದೂ ಅದೇ ವರ್ಷ. ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಮರುವರ್ಷದ್ದು, ಮುಂದೆ ಹಿಂದಿ ಚಿತ್ರರಂಗವನ್ನು ಆಳಿದ ರೇಖಾ ಮೊದಲು ನಾಯಕಿಯಾದದ್ದು ಅದರಲ್ಲೇ. ಷಾನ್ ಕಾನರಿ ಮೂವತ್ತೆರಡಕ್ಕೆ ಜೇಮ್ಸ್ ಬಾಂಡ್ ಆದ. ನಮ್ಮವರು 999 ಆದಾಗ ವಯಸ್ಸು ಮೂವತ್ತೆಂಟು, ಆ ಹೊತ್ತಿಗೆ ಕಬೀರನೂ ಆಗಿದ್ದರು, ಪುಲಿಕೇಶಿಯೂ ಆಗಿದ್ದರು. ಪತ್ತೇದಾರಿ ಕೋಟು ಅವರು ತೊಟ್ಟ ಹತ್ತಾರು ವೇಷಗಳಲ್ಲಿ ಒಂದು. 1954ರಲ್ಲಿ ನಾಯಕರಾಗಿ ಮೊದಲು ಉಟ್ಟದ್ದು ಬೇಡನ ವೇಷ, ‘ಬೇಡರ ಕಣ್ಣಪ್ಪ’. ಪಕ್ಕದಲ್ಲೇ ಬೇಡರ ಸುರಪುರ ಇಟ್ಟುಕೊಂಡು ಗೋವಾದ ಹಿಂದೆ ಬಿದ್ದಿದ್ದೀರಲ್ಲ ಮಹನೀಯರೇ!

ಇರಲಿ, ಮಾನಪತ್ರಕ್ಕೆ ಬರೋಣ. ವಾದ ವಾಚಸ್ಪತಿಗಳಾದ ತಾವು ಎರಡೂ ಬಣದವರು ಯಾವ ನಿರ್ದೇಶಕರ ಹೆಸರನ್ನೂ ಎತ್ತದೆ ಇಷ್ಟು ವರ್ಷ ವಾದ ನಡೆಸಿದ್ದು ಒಂದು ವಿಕ್ರಮ. ಎತ್ತಿದ್ದರೆ ವಾದ ಅಲ್ಲೇ ನಿಂತುಬಿಡುತ್ತಿತ್ತು. ಆ ಪಿಸ್ತೂಲು ಕೊಟ್ಟವರು ದೊರೆ–ಭಗವಾನ್. 1971ರಲ್ಲಿ ‘ಕಸ್ತೂರಿ ನಿವಾಸ’ ಮಾಡಿದವರು ಯಾರು? ಅದೇ ದೊರೆ–ಭಗವಾನ್. ಸಂಗೀತ? ಅದೇ ಜಿ.ಕೆ. ವೆಂಕಟೇಶ್. ಪಿಸ್ತೂಲು ಹಿಡಿದ ಕೈಯನ್ನು ಎರಡೇ ವರ್ಷದಲ್ಲಿ ಕೊಡುಗೈ ಮಾಡಿದರು, ಮನೆಗೆ ಬಂದವರಿಗೆ ಊಟ ಹಾಕಲು ಪ್ರೀತಿಯ ಪಾರಿವಾಳವನ್ನೂ ಕಳೆದುಕೊಳ್ಳುವ ಬೆಂಕಿಪೊಟ್ಟಣದ ಸಾಹುಕಾರನನ್ನಾಗಿ ಮಾಡಿದರು. ತಮಿಳಿನಲ್ಲಿ ಶಿವಾಜಿ ಗಣೇಶನ್ ಬಹಳ ದುಃಖದ ಕಥೆ ಎಂದು ಕೈಬಿಟ್ಟಿದ್ದ ವಸ್ತು ಅದು. ಕನ್ನಡದಲ್ಲಿ ಗೆದ್ದ ಮೇಲೆ ಅವರೇ 1975ರಲ್ಲಿ ಮಾಡಿದರು. ‘ಕಸ್ತೂರಿ ನಿವಾಸ’ ಆದ ಮೇಲೆ ಅದೇ ದೊರೆ–ಭಗವಾನ್ ಜೋಡಿಯಿಂದ ‘ಎರಡು ಕನಸು’, ‘ಹೊಸ ಬೆಳಕು’, ‘ಜೀವನ ಚೈತ್ರ’. ಕೋಟಿನ ಬಣಕ್ಕೂ ಪಂಚೆ ಬಣಕ್ಕೂ ಬಟ್ಟೆ ಹೊಲಿದ ದರ್ಜಿಗಳು ಒಂದೇ ಜೋಡಿ ಎಂದು ಗೊತ್ತಾದರೆ ನಾಳೆಯಿಂದ ಕಟ್ಟೆಯ ಗತಿಯೇನು?

ಪಂಚೆ ಬಣದ ಪೂಜ್ಯರೇ, ತಾವು ನಗಬೇಡಿ. ‘ಬಂಗಾರದ ಮನುಷ್ಯ’ 1972ರದು, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು, ಹೌದು. ಆ ವರ್ಷ ಈ ಭಾಗದಲ್ಲಿ ಏನಿತ್ತು ಗೊತ್ತೆ? ಎಪ್ಪತ್ತೆರಡರ ಬರ. ಶಹಾಪುರದ ಕಡೆ ಕೃಷ್ಣೆಯ ಕಾಲುವೆ ನೀರು ಇನ್ನೂ ಕನಸು. ಬಂಡೆ ಒಡೆದು ನೀರು ತೆಗೆದ ರಾಜೀವನನ್ನು ನೋಡಿ ಕೆಲವರು ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದರಂತೆ. ನಮ್ಮಲ್ಲಿ ಉಲ್ಟಾ. ತೊಗರಿ ರಾಶಿ ಮುಗಿದರೆ ಸಾಕು, ಮುದುಕರನ್ನು ಕೂಸುಗಳ ಕಾವಲಿಗೆ ಬಿಟ್ಟು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಕಲ್ಲು ಮಣ್ಣು ಹೊರಲು ಹೋಗುತ್ತಾರೆ. ಅಂಥವರ ಮನೆಮನೆಗೆ ಹೋಗಿ ಪಟ್ಟಿ ಎತ್ತಿ ಈ ಗಾಗಲ್ ಪ್ರಿಂಟ್ ಹಾಕಿಸಿದಿರಲ್ರಿ, ಯಾರಪ್ಪನ ರೊಕ್ಕ ಅದು? ನಾಚಿಕಿ ಅನ್ನೋದು ಐತೇನು ಇಲ್ಲೇನು?

ಕ್ಷಮಿಸಿ. ಮಾನ್ಯ ಸಭಾಸದರೇ, ಭಾವೋದ್ವೇಗ.

ಈಗ ಶಾಲು ಹೊದಿಸುವ ಕಾರ್ಯಕ್ರಮ. ಜೊತೆಗೆ ಮೈಸೂರು ಪೇಟವಂತೆ. ಯಾಕ್ರಿ, ನಮ್ಮ ಪಟಗಾ ಏನು ಪಾಪ ಮಾಡಿತ್ತು? ಇದನ್ನು ಸುಮ್ಮನೆ ಕೇಳುತ್ತಿಲ್ಲ. ಅಣ್ಣಾವ್ರು 999ರಲ್ಲಿ ಹಾಡಿಗೆ ತುಟಿ ಆಡಿಸಿದರೆ ದನಿ ಪಿ.ಬಿ. ಶ್ರೀನಿವಾಸರದು. ಅಣ್ಣಾವ್ರದೇ ದನಿ ಗಟ್ಟಿಯಾಗಿ ನೆಲೆ ನಿಂತದ್ದು 1974ರ ‘ಸಂಪತ್ತಿಗೆ ಸವಾಲ್’ನಲ್ಲಿ, ಎಮ್ಮೆಯ ಮೇಲೆ ಕೂತು. ಆ ಸಿನಿಮಾಕ್ಕೆ ಮೂಲ ಪಿ.ಬಿ. ಧುತ್ತರಗಿಯವರ ನಾಟಕ. ಧುತ್ತರಗಿ ಎಲ್ಲಿಯವರು? ಹುನಗುಂದ ತಾಲೂಕಿನ ಸೂಳೇಬಾವಿಯವರು, ನಮ್ಮ ಕಡೆಯ ಕಂಪನಿ ನಾಟಕದವರು. ಜಾತ್ರೆಯ ತಂಬುವಿನಲ್ಲಿ ನಮ್ಮ ಅಜ್ಜಂದಿರು ನೆಲದ ಮೇಲೆ ಕೂತು ಚಪ್ಪಾಳೆ ಹೊಡೆದ ನಾಟಕವೇ ಅಣ್ಣಾವ್ರನ್ನು ಗಾಯಕರನ್ನಾಗಿ ಮಾಡಿತು. ಇದು ತಮ್ಮ ಫ್ಲೆಕ್ಸಿನಲ್ಲಿ ಒಂದು ಸಾಲಾದರೂ ಇದೆಯೆ? ಜಾಗ ಎಲ್ಲಿ, ಗಾಗಲ್ ಐತಲ್ಲ!

ಕೋಟಿನ ಬಣದ ಯುವ ಘಟಕಕ್ಕೆ ವಿಶೇಷ ಪ್ರಶಸ್ತಿ. ‘ಜಾಕ್‌ಪಾಟ್’ ಆಗಿ ಒಂಬತ್ತು ವರ್ಷದ ನಂತರ, 1978ರಲ್ಲಿ, ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ 999 ಮರಳಿ ಬಂದ. ಕಾನರಿಯೂ 1983ರಲ್ಲಿ ಹೀಗೆ ಮರಳಿದ, ಅವನಿಗೆ ಹನ್ನೆರಡು ವರ್ಷ ಹಿಡಿಯಿತು. ‘ಡೈಮಂಡ್ ರಾಕೆಟ್’ನಲ್ಲಿ ಅಣ್ಣಾವ್ರು ತಾವೇ ಒಂದು ಇಂಗ್ಲಿಷ್ ಹಾಡು ಹಾಡಿದ್ದಾರೆ. ಯುವ ಘಟಕದ ಮೊಬೈಲಿನಲ್ಲಿ ಅಣ್ಣಾವ್ರ ಸಮಗ್ರ ಜೀವನ ಚರಿತ್ರೆ ಅಂದರೆ ಆ ತುಣುಕು. ಅದನ್ನು ಹಾಕಿ ನಗುತ್ತಾರೆ, ಎದೆ ಮುಟ್ಟಿಕೊಂಡು ‘ಬಾಸ್’ ಅನ್ನುತ್ತಾರೆ, ಮತ್ತೆ ಹಾಕುತ್ತಾರೆ. ಶಾಲೆಯನ್ನು ಎಳವೆಯಲ್ಲೇ ಬಿಟ್ಟ ಮನುಷ್ಯ ಐವತ್ತರ ಹೊಸ್ತಿಲಲ್ಲಿ ನಿಂತು ತನ್ನದಲ್ಲದ ಭಾಷೆಯಲ್ಲಿ ಅಂಜದೆ ಹಾಡಿದ. ಅದೇ ಗಂಟಲಿಗೆ ‘ಜೀವನ ಚೈತ್ರ’ದ ಶಾಸ್ತ್ರೀಯ ಗೀತೆಗಾಗಿ ರಾಷ್ಟ್ರ ಪ್ರಶಸ್ತಿ ಬಂತು, ಅರವತ್ತು ದಾಟಿದ ಮೇಲೆ. ಆ ಹಾಡು ಯಾರ ಮೊಬೈಲಿನಲ್ಲಿದೆ, ಕೈ ಎತ್ತಿ. ಯಾರೂ ಇಲ್ಲ. ಗಾಗಲ್ ಕೆಳಗೆ ನೋಡುತ್ತಿದೆ.

‘ಜೀವನ ಚೈತ್ರ’ದ ಹೆಸರು ಬಂತು ನೋಡಿ, ನಾಲಿಗೆ ತಡೆಯುವುದಿಲ್ಲ. ಅದು 1992ರದು. ಮೂರು ವರ್ಷ ತೆರೆಯಿಂದ ದೂರ ಇದ್ದು ಬಂದ ಅಣ್ಣಾವ್ರು ಅದರಲ್ಲಿ ಊರಿನ ಸಾರಾಯಿ ವಿರುದ್ಧ ನಿಂತರು. ಸರ್ಕಾರ ಸಾರಾಯಿ ನಿಲ್ಲಿಸಲು ಮತ್ತೆ ಹದಿನೈದು ವರ್ಷ ತೆಗೆದುಕೊಂಡಿತು, 2007ರ ಜುಲೈ. ತಮ್ಮ ಸಂಘವಂತೂ ಇನ್ನೂ ತೆಗೆದುಕೊಳ್ಳುತ್ತಲೇ ಇದೆ. ಈ ವೇದಿಕೆಯ ಹಿಂದೆ, ಅಣ್ಣಾವ್ರ ಫೋಟೋಕ್ಕೆ ಬೆನ್ನು ಮಾಡಿ, ಗೋಣಿಚೀಲದಲ್ಲಿ ಖಣಖಣ ಅನ್ನುತ್ತಿರುವುದು ತೆಂಗಿನಕಾಯಿ ಅಲ್ಲ ಅಂತ ಊರಿಗೆಲ್ಲ ಗೊತ್ತೈತಿ. ಸುಮ್ಕ ಕುಂದರ್ರಿ ಉಪಾಧ್ಯಕ್ಷರೇ, ನಿಮ್ಮ ಹೆಸರು ಹೇಳಿಲ್ಲ.

ಹಾಗಾದರೆ ಪಿಸ್ತೂಲು ಕೆಳಗಿಟ್ಟ ಕಥೆ? ಅದೂ ಸುಳ್ಳು. 1989ರ ‘ಪರಶುರಾಮ್’ನಲ್ಲಿ ಮಾಜಿ ಸೈನಿಕ. 1993ರ ‘ಆಕಸ್ಮಿಕ’ದಲ್ಲಿ ಪೊಲೀಸ್ ಅಧಿಕಾರಿ. ನಾಗಾಭರಣ ತರಾಸು ಅವರ ಮೂರು ಕಾದಂಬರಿ ಹೆಣೆದು ಮಾಡಿದ್ದು. ಪ್ರತಿ ನವೆಂಬರ್‌ಗೆ ತಮ್ಮ ಸೌಂಡ್ ಬಾಕ್ಸು ಹರಿಯುವಂತೆ ಹಾಕುವ ಟಾಂಗಾ ಹಾಡು ಆ ಸಿನಿಮಾದ್ದು, ಹಾಡಿನ ಆಚೆ ಒಂದು ಕಥೆಯೂ ಇದೆ. ಕೊನೆಯ ಚಿತ್ರ ‘ಶಬ್ದವೇಧಿ’ 2000ದ್ದು. ಎಪ್ಪತ್ತೊಂದರ ಅಂಚಿನಲ್ಲಿ ಮತ್ತೆ ಪೊಲೀಸ್, ಮಾದಕ ವಸ್ತು ಮಾರುವವರ ಬೆನ್ನು ಹತ್ತಿದವನು. ಕಾನರಿ ಐವತ್ತೇಳಕ್ಕೆ ಮುದಿ ಪೊಲೀಸನಾಗಿ ಆಸ್ಕರ್ ಗೆದ್ದಾಗ ಸಭೆಯ ಮಂದಿ ಎದ್ದು ನಿಂತರು. ನಮ್ಮ ಊರಿನ ಮಂದಿ ‘ಆಮೇಲೆ ಏನೂ ಮಾಡ್ಲಿಲ್ಲ ಬಿಡ್ರಿ’ ಅಂತ ಇನ್ನರ್ಧ ಚಹಾ ಹೇಳುತ್ತಾರೆ.

ಮಹಾಜನರೇ, ಮಾನಪತ್ರ ಓದಿದ್ದಾಯಿತು. ಶಾಲು ಬಾಡಿಗೆಯದು, ಮಡಚಿ ಕೊಡತಕ್ಕದ್ದು. ಬೇವಿನ ಗಿಡದ ಮೊಳೆಯನ್ನು ಸನ್ಮಾನಿತರೇ ಕೀಳತಕ್ಕದ್ದು. ಆ ಫ್ಲೆಕ್ಸನ್ನು ಎರಡೂ ಬಣದವರು ಸೇರಿ ಇಳಿಸಿ, ಹತ್ತಿ ಒಟ್ಟಿದವರ ಮನೆಗೆ ಹೊದಿಕೆಗೆ ಕೊಡತಕ್ಕದ್ದು. ಬಳಿಕ ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿ ‘ಕಸ್ತೂರಿ ನಿವಾಸ’ ತೋರಿಸಲಾಗುವುದು, 2014ರಲ್ಲಿ ಬಣ್ಣ ಹಚ್ಚಿ ಬಿಟ್ಟದ್ದಲ್ಲ, ಕಪ್ಪು ಬಿಳುಪಿನದು. ಗಾಗಲ್ ಹಾಕಿದವರಿಗೆ ಪ್ರವೇಶವಿಲ್ಲ. ಮಂಡಾಳ ಒಗ್ಗರಣಿ, ಮಿರ್ಚಿ ತಯಾರಿದೆ, ಆದರೆ ಇಂಟರ್‌ವಲ್ ತನಕ ಕೂತವರಿಗೆ ಮಾತ್ರ. ಬುಟ್ಟಿಯ ಮೇಲೆ ನನ್ನ ಹೆಂಡತಿ ಕೂತಿದ್ದಾಳೆ.