ಐವತ್ತು ಪರ್ಸೆಂಟಿನ ಪಿತ್ರಾರ್ಜಿತ

ಶಿಕಾರಿಪುರ, ಸೊರಬದ ಕಡೆ ಅಡಿಕೆ ಮನೆಗಳ ಕೊಟ್ಟಿಗೆಯಲ್ಲಿ ಈಗ ಹೊಸ ದೇವರೊಂದು ನೆಲೆಸಿದೆ. ಮೈತುಂಬ ತಾಡಪಾಲು, ಚಕ್ರದಲ್ಲಿ ಗಾಳಿಯಿಲ್ಲ, ವರ್ಷಕ್ಕೊಮ್ಮೆ ಕಾಣಿಕೆ ತಪ್ಪುವಂತಿಲ್ಲ. ಅದು ಮಗನ ಕಾರು. ಮಗ 'ಎರಡೇ ವರ್ಷ' ಅಂತ ಅಮೆರಿಕಕ್ಕೆ ಹೋಗಿದ್ದಾನೆ.

ಮಾರಿಬಿಡು ಮಾರಾಯ ಅಂದರೆ ಫೋನಿನಲ್ಲೇ ಹೌಹಾರುತ್ತಾನೆ: "ಬೇಡ ಅಪ್ಪಯ್ಯ, ನೋ ಕ್ಲೇಮ್ ಬೋನಸ್ ಐವತ್ತಕ್ಕೆ ಬಂದಿದೆ!"

ಹೌದು, ಅದು ತಪಸ್ಸಿನ ಫಲ. ವಿಮೆ ಪರಿಹಾರ ಕೇಳದೆ ಒಂದು ವರ್ಷ ಕಳೆದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಒಂದು ಸಲ ಬಾಯಿಬಿಟ್ಟು ಕೇಳಿದರೆ ಸೊನ್ನೆ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ಸೊನ್ನೆ.

ಈಗ ಲೆಕ್ಕ. ಕಾರಿನ ಸ್ವಂತ ಹಾನಿಯ ಪ್ರೀಮಿಯಂ 6,000 ರೂಪಾಯಿ ಅಂದುಕೊಳ್ಳಿ. ಬೋನಸ್ಸಿನಿಂದ ಉಳಿಯುವುದು 3,000. ಉಳಿದ 3,000 ಕಟ್ಟಬೇಕು. 1,000ದಿಂದ 1,500 ಸಿಸಿ ಕಾರಿನ ಥರ್ಡ್ ಪಾರ್ಟಿಗೆ 2022ರ ಜೂನ್‌ನಲ್ಲಿ ಗೊತ್ತಾದ ದರ 3,416. ಅದರಲ್ಲಿ ಚಿಕ್ಕಾಸೂ ಕಡಿತವಿಲ್ಲ. ಮೇಲೆ ಶೇ 18 ಜಿಎಸ್‌ಟಿ. ಅಂತೂ ಮೂರು ಸಾವಿರದ ರಿಯಾಯಿತಿ ಕಾಪಾಡಲು ಏಳೂವರೆ ಸಾವಿರ ಖರ್ಚು. ಮಗ ಎಂಜಿನಿಯರ್, ಗಣಿತದಲ್ಲಿ ಯಾವಾಗಲೂ ಮುಂದು.

ಮೊನ್ನೆ ಮಂಗವೊಂದು ಬಾನೆಟ್ ಮೇಲೆ ಧುಮುಕಿತು. ಅಪ್ಪ ವಿಮೆ ಕೇಳಲಿಲ್ಲ; ಬೋನಸ್ ಹೋದೀತು. ಅಡಿಕೆ ಮಾರಿದ ದುಡ್ಡಲ್ಲಿ ಡೆಂಟ್ ತೆಗೆಸಿದರು. ಅಪಾಯಕ್ಕೆಂದು ವಿಮೆ ಮಾಡಿಸಿ, ಅಪಾಯದಿಂದ ವಿಮೆಯನ್ನು ಕಾಯುವುದು ನಮ್ಮ ಮಲೆನಾಡಿನ ಸಂಶೋಧನೆ.

ಕಾರನ್ನೇ ಅಪ್ಪನ ಹೆಸರಿಗೆ ಮಾಡಿದರೆ? ಬೋನಸ್ ದಾಟುವುದಿಲ್ಲ, ಅಪ್ಪ ಸೊನ್ನೆಯಿಂದ ಶುರುಮಾಡಬೇಕು. ಅದು ವಾರಸುದಾರರಿಗೆ ಸೇರುವುದು ಗಳಿಸಿದವನು ತೀರಿಕೊಂಡ ಮೇಲೆಯೇ. ರಾಜಕೀಯ ಇಷ್ಟು ಜಿಪುಣವಲ್ಲ. 2023ರಲ್ಲಿ ಶಿಕಾರಿಪುರ ಕ್ಷೇತ್ರ ಯಡಿಯೂರಪ್ಪನವರ ಕಣ್ಣೆದುರೇ ಮಗನ ಕೈಸೇರಿತು. ಸೊರಬದಲ್ಲಿ ಬಂಗಾರಪ್ಪನವರ ಗಳಿಕೆ ಇಬ್ಬರು ಮಕ್ಕಳ ನಡುವೆ ಸರದಿಯಲ್ಲಿ ಓಡಾಡುತ್ತಿದೆ. ಮತದಾರರ ಬೋನಸ್ಸಿಗೆ ವರ್ಗಾವಣೆ ಶುಲ್ಕವೂ ಇಲ್ಲ.

ಹಾಗಾದರೆ ದಾರಿಯೇ ಇಲ್ಲವೆ? ಇದೆ. ಬೋನಸ್ ಕಾರಿನದಲ್ಲ, ಮಾಲೀಕನದು. ಕಾರು ಮಾರಿ, ವಿಮೆ ಕಂಪನಿಯಿಂದ ಬೋನಸ್ ಕಾದಿರಿಸಿದ ಪತ್ರ ಪಡೆದರೆ ಸಾಕು. ವಾಪಸು ಬಂದು ಹೊಸ ಕಾರು ಕೊಂಡಾಗ ಅದೇ ಐವತ್ತು ಪರ್ಸೆಂಟ್ ಸಿಗುತ್ತದೆ. ಏಜೆಂಟರು ಇದನ್ನು ಹೇಳುವುದಿಲ್ಲ. ಮಾರಿದ ಕಾರಿಗೆ ಯಾರು ಕಮಿಷನ್ ಕೊಡುತ್ತಾರೆ?

ಮಗನಿಗೆ ಇದು ಗೊತ್ತಿಲ್ಲ ಎಂದುಕೊಳ್ಳಬೇಡಿ, ಚೆನ್ನಾಗಿ ಗೊತ್ತು. ತೊಡಕು ಒಂದೇ: ಪತ್ರದ ಆಯುಸ್ಸು ಮೂರು ವರ್ಷ. ಅದನ್ನು ಪಡೆಯುವ ಮುಂಚೆ, ಊರಿಗೆ ಯಾವಾಗ ಬರುತ್ತೀಯ ಎಂಬ ಅಪ್ಪನ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಅದಕ್ಕಿಂತ ವರ್ಷಕ್ಕೆ ಏಳೂವರೆ ಸಾವಿರ ಕಟ್ಟುವುದು ಅಗ್ಗ.